ಬೀಗ ತೆರೆದವನ ಕೂಲಿ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟಕ್ಕೇರಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕೆಂಬುದು ನಿಮಗೆಲ್ಲ ತಿಳಿದದ್ದೇ. ಅಷ್ಟು ಕಾಲ ಸಂಸಾರದ ವರ್ಷದ ವರಮಾನ ಒಂದು ಬೀಗದ ಹಿಂದಿರುತ್ತದೆ. ಬೀಗದ ಕೈ ಕಳೆದಾಗ ಬಂದು ತೆರೆದವನಿಗೆ ಮಾತ್ರ, "ಐದು ನಿಮಿಷದ ಕೆಲಸಕ್ಕೆ ಇಷ್ಟೊಂದು ದುಡ್ಡೇ?" ಎನ್ನುವುದನ್ನು ಎಷ್ಟೋ ಜಗಲಿಗಳಲ್ಲಿ ಕೇಳಿದ್ದೇನೆ.

ಈ ತಕರಾರು ನಮ್ಮಲ್ಲಷ್ಟೇ ಹುಟ್ಟಿದ್ದಲ್ಲ. ಲಂಡನ್ನಿನ ಜೋಸೆಫ್ ಬ್ರಾಮ 1784ರಲ್ಲಿ ಪೇಟೆಂಟ್ ಪಡೆದ ಬೀಗವನ್ನು ತೆರೆದವರಿಗೆ 200 ಗಿನಿ ಕೊಡುವುದಾಗಿ ಅವನ ಅಂಗಡಿಯಲ್ಲಿ ಫಲಕವಿತ್ತು. ದಶಕಗಳು ಕಳೆದರೂ ಯಾರಿಗೂ ಸಾಧ್ಯವಾಗಲಿಲ್ಲ. 1851ರಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ಗಂಟೆ ಶ್ರಮಿಸಿ ಅದನ್ನು ತೆರೆದ. ಸಂಸ್ಥೆ ಆಕ್ಷೇಪವೆತ್ತಿತು, ಪಂಚರ ತೀರ್ಪಿನ ಮೇಲೆ ಹಣ ತೆತ್ತಿತು. ಅದೇ ವರ್ಷ ಚಬ್ ಕಂಪನಿಯ ಹೆಸರಾಂತ ಬೀಗಕ್ಕೆ ಅವನಿಗೆ ಸುಮಾರು 25 ನಿಮಿಷ ಸಾಕಾಗಿತ್ತು. ಬೇಗ ಮುಗಿದುದರಿಂದ ಅದು ಸಣ್ಣ ಕೆಲಸವೆಂದು ನಾನಂತೂ ಒಪ್ಪಲಾರೆ.

ಮೂಲ ಕೈ ಇದ್ದರೆ ಅದನ್ನು ನೋಡಿಕೊಂಡು ಅರದಿಂದ ಉಜ್ಜಿ ನಕಲು ತೆಗೆಯಬಹುದು. ಆದ್ದರಿಂದ ಅದು ಅಗ್ಗ. ಕೈಯೇ ಇಲ್ಲದಿದ್ದರೆ ಒಳಗಿನ ಒಂದೊಂದು ಲಿವರೂ ಎಷ್ಟು ಏಳಬೇಕೆಂಬುದನ್ನು ಕಣ್ಣಿಗೆ ಕಾಣದೆ, ಬೆರಳಿನಿಂದಲೇ ಅರಿಯಬೇಕು. ಒಡೆಯುವುದು ಯಾರಿಗಾದರೂ ಬರುತ್ತದೆ. ಹೊಸ ಬೀಗದ ಬೆಲೆ, ಕಿತ್ತುಬಂದ ಚಿಲಕದ ಖರ್ಚು ಮನೆಯವರ ಪಾಲಿಗೆ. ದರವನ್ನು ಮೊದಲೇ ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಪೇಟೆಯಿಂದ ತೋಟದ ಮನೆಗೆ ಬಂದು ಹೋಗುವಷ್ಟರಲ್ಲಿ ಆತನ ಅರ್ಧ ದಿನ ಕಳೆದಿರುತ್ತದೆ, ಅಂಗಡಿಗೆ ಬಂದ ಗಿರಾಕಿಗಳು ಹಿಂದಿರುಗಿರುತ್ತಾರೆ.