ಕಸ್ತೂರಬಾ ರಸ್ತೆಯಿಂದ ನಮ್ಮ ಶಾಲೆಗೆ ಬಂದ ಪ್ರಶ್ನೆ

ನಮ್ಮ ಪ್ರೌಢಶಾಲೆಯ ಐವತ್ತು ವರ್ಷಗಳ ಚರಿತ್ರೆಯಲ್ಲಿ ಕಟ್ಟಡ, ಫಲಿತಾಂಶ, ಕ್ರೀಡಾಕೂಟಗಳ ವಿಷಯ ಬಂದೇ ಬರುತ್ತದೆ. ನಾನು ದಾಖಲಿಸಬೇಕೆಂದಿರುವುದು ಎಂಬತ್ತರ ದಶಕದ ಕೊನೆಯ ಒಂದು ಪ್ರವಾಸ ಮತ್ತು ಅದಾದ ಮೇಲೆ ತರಗತಿಯಲ್ಲಿ ನಡೆದ ಒಂದು ಜಗಳ.

ಆಗ ನಾನು ಒಂಬತ್ತನೇ ತರಗತಿ. ಮೂರು ದಿನದ ಪ್ರವಾಸ, ರಾತ್ರಿ ಪ್ರಯಾಣ. ಹೆಣ್ಣುಮಕ್ಕಳನ್ನು ಯಾರ ಮನೆಯಲ್ಲೂ ಕಳಿಸಲಿಲ್ಲ. ಹೊರಟವರು ಗಂಡುಹುಡುಗರು ಮಾತ್ರ. ಅದು ಅನ್ಯಾಯವೆಂದು ಆಗ ನಮಗೆ ಹೊಳೆಯಲೂ ಇಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಎರಡು ಸಂಗ್ರಹಾಲಯಗಳಿವೆ. ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿನ ಆತಕೂರಿನ ವೀರಗಲ್ಲನ್ನು ಕೈಕಟ್ಟಿಕೊಂಡು ನೋಡಿದೆವು. ಇನ್ನೊಂದು ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯ. ಸರ್ ಎಂ.ವಿ. ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ಅದೇ ವರ್ಷ ಜುಲೈನಲ್ಲಿ ನೆಹರೂ ಆ ಕಟ್ಟಡವನ್ನು ಉದ್ಘಾಟಿಸಿದರು. ವಿದ್ಯುತ್ತಿನ ಕುರಿತ ಮೊದಲ ಗ್ಯಾಲರಿ ಜನರಿಗೆ ತೆರೆದದ್ದು 1965ರಲ್ಲಿ. ಅಲ್ಲಿ ಗುಂಡಿ ಒತ್ತಬಹುದು, ಹಿಡಿ ತಿರುಗಿಸಬಹುದು. ಒಂದು ಗಂಟೆಯ ಕಾಲ ನಾವು ಮಾಡಿದ್ದೂ ಅಷ್ಟೇ, ಸಿಕ್ಕ ಗುಂಡಿಯನ್ನೆಲ್ಲ ಒತ್ತಿದ್ದು. ನೋಡಿದ್ದು ಸೊನ್ನೆ.

ಒಂದು ಮೂಲೆಯಲ್ಲಿ ಎರಡು ಹಳಿಗಳಿದ್ದವು. ಎರಡೂ ಒಂದೇ ಎತ್ತರದಲ್ಲಿ ಹೊರಟು ಒಂದೇ ಕಡೆ ಮುಗಿಯುತ್ತಿದ್ದವು. ಒಂದು ನೇರವಾದ ಇಳಿಜಾರು. ಇನ್ನೊಂದು ಮೊದಲು ಕಡಿದಾಗಿ ಇಳಿದು ಆಮೇಲೆ ಬಾಗಿಕೊಂಡು ಹೋಗುವುದು. ಅಲ್ಲಿದ್ದ ಮಾರ್ಗದರ್ಶಕರು ಗುಂಡುಗಳನ್ನು ಬಿಡುವ ಮೊದಲು, "ಯಾವುದು ಮೊದಲು ತಲುಪುತ್ತೆ? ಕೈ ಎತ್ತಿ ಹೇಳಿ" ಎಂದರು. ಹತ್ತಿರದ ದಾರಿ ತಾನೇ ಎಂದು ಎಲ್ಲರೂ ನೇರ ಹಳಿಗೆ ಕೈ ಎತ್ತಿದೆವು. ಗೆದ್ದದ್ದು ಬಾಗಿದ ಹಳಿ. ಮೊದಲೇ ಕಡಿದಾಗಿ ಇಳಿಯುವುದರಿಂದ ಆ ಗುಂಡಿಗೆ ಬೇಗ ವೇಗ ಬರುತ್ತದೆ. ದಾರಿ ಉದ್ದವಾದರೂ ಮುಂದಾಗುತ್ತದೆ. ಅತಿ ಬೇಗ ತಲುಪಿಸುವ ದಾರಿ ಯಾವುದೆಂದು 1696ರಲ್ಲಿ ಯೋಹಾನ್ ಬರ್ನೂಲಿ ಯುರೋಪಿನ ಗಣಿತಜ್ಞರಿಗೆ ಸವಾಲು ಹಾಕಿದ್ದರು, ನ್ಯೂಟನ್ ಅದಕ್ಕೆ ಉತ್ತರ ಕೊಟ್ಟಿದ್ದರು ಎಂಬುದು ನನಗೆ ಗೊತ್ತಾದದ್ದು ಕಾಲೇಜಿನಲ್ಲಿ. ಮೊದಲೇ ಕೈ ಎತ್ತಿಸದೆ ಹೋಗಿದ್ದರೆ, "ಹೌದೌದು, ಗೊತ್ತಿತ್ತು" ಎಂದು ಮುಂದೆ ಹೋಗುತ್ತಿದ್ದೆವು. ತಪ್ಪಾದದ್ದು ನಮ್ಮದೇ ಊಹೆಯಾದ್ದರಿಂದ ಅದು ತಲೆಯಲ್ಲಿ ನಿಂತಿತು.

ಊರಿಗೆ ಬಂದು ತರಗತಿಯಲ್ಲಿ ಜಂಬದಿಂದ ಹೇಳಿದೆವು. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ನೋಡಿದೋರು ನೀವು. ನಾವ್ಯಾಕೆ ನಂಬಬೇಕು?" ಎಂದುಬಿಟ್ಟಳು. ಗಲಾಟೆಯಾಯಿತು. ವಿಜ್ಞಾನದ ಮೇಷ್ಟ್ರು ಯಾರ ಪರವನ್ನೂ ವಹಿಸಲಿಲ್ಲ. "ಅವಳಿಗೆ ತೋರಿಸಿ" ಎಂದರು, ಅಷ್ಟೇ.

ತೋಟಕ್ಕೆ ನೀರು ಹಾಯಿಸುವ ಹಳೆಯ ಕಪ್ಪು ಪೈಪನ್ನು ಉದ್ದಕ್ಕೆ ಸೀಳಿ, ಇಟ್ಟಿಗೆಗಳ ಮೇಲಿಟ್ಟು ಗೋಲಿ ಬಿಟ್ಟೆವು. ನೇರ ಪೈಪೇ ಗೆದ್ದಿತು! ಹುಡುಗಿಯರು ಚಪ್ಪಾಳೆ ತಟ್ಟಿದರು. ನಮಗೆ ಮುಖ ಎತ್ತಲಾಗಲಿಲ್ಲ. ಆದರೆ ಬಾಗಿದ ಪೈಪಿನೊಳಗೆ ಒಣಗಿದ ಕೆಸರು ಅಂಟಿಕೊಂಡಿರುವುದನ್ನು ಕಂಡುಹಿಡಿದವಳೂ ಅದೇ ಹುಡುಗಿ. "ಇದು ಸರಿಯಾದ ಪಂದ್ಯ ಅಲ್ಲ ಸಾರ್" ಎಂದು ತಾನು ಗೆದ್ದ ಆಟವನ್ನು ತಾನೇ ರದ್ದು ಮಾಡಿದಳು. ಪೈಪು ತೊಳೆದೆವು. ಎರಡು ಗೋಲಿಗಳಿಗೂ ಒಂದೇ ಅಡ್ಡಪಟ್ಟಿ ಹಿಡಿದು ಒಟ್ಟಿಗೆ ಬಿಟ್ಟೆವು. ಗೋಲಿಗಳನ್ನು ಅದಲುಬದಲು ಮಾಡಿದೆವು. ಇಪ್ಪತ್ತು ಸಲ ಬಿಟ್ಟಾಗ ಹದಿನೇಳು ಸಲ ಬಾಗಿದ ಪೈಪು ಗೆದ್ದಿತು. ಉಳಿದ ಮೂರು ಏಕೆ ಎಂದು ಅವಳು ಕೇಳುತ್ತಲೇ ಇದ್ದಳು. ನಮಗಂತೂ ಸಾಕಾಗಿತ್ತು.

ಹಳ್ಳಿಯ ಮಕ್ಕಳೆಲ್ಲ ನಗರಕ್ಕೆ ಬರಲಾರರು ಎಂಬುದು ಸಂಗ್ರಹಾಲಯದವರಿಗೂ ತಿಳಿದಿತ್ತು. ಕಲ್ಕತ್ತೆಯ ಬಿರ್ಲಾ ಸಂಗ್ರಹಾಲಯ 1965ರಲ್ಲೇ ಬಸ್ಸಿನಲ್ಲಿ ಪ್ರದರ್ಶನವನ್ನು ಹೊರಡಿಸಿತ್ತು. ಮುಂದೆ ಇಂಥ ಸಂಚಾರಿ ಪ್ರದರ್ಶನಗಳು ನಮ್ಮ ರಾಜ್ಯದಲ್ಲೂ ಓಡಾಡಿದವು. 1984ರಲ್ಲಿ ಗುಲ್ಬರ್ಗದಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವೂ ಆಯಿತು. ನಮ್ಮೂರಿಗೆ ಮಾತ್ರ ಆ ಕಾಲದಲ್ಲಿ ಬಸ್ಸು ಬರಲಿಲ್ಲ.

ಮರುವರ್ಷ ಮೇಷ್ಟ್ರು ಪ್ರವಾಸವನ್ನು ಒಂದೇ ದಿನಕ್ಕೆ ಇಳಿಸಿದರು. ಹಿಂದಿ ಮೇಡಂ ಅವರನ್ನು ಜೊತೆಗೆ ಕರೆದುಕೊಂಡು ಮನೆಮನೆಗೆ ಹೋಗಿ ಕೇಳಿದರು. ಬೆಳಗಿನ ಜಾವ ನಾಲ್ಕಕ್ಕೆ ಶಾಲೆಯ ಮುಂದೆ ಬಸ್ಸು ನಿಂತಾಗ ಹದಿನಾಲ್ಕು ಹುಡುಗಿಯರು ಬುತ್ತಿ ಹಿಡಿದು ಬಂದಿದ್ದರು. ಅವಳ ಕೈಯಲ್ಲಿ ಆ ಇಪ್ಪತ್ತು ಪಂದ್ಯಗಳ ಲೆಕ್ಕ ಬರೆದ ನೋಟುಪುಸ್ತಕವೂ ಇತ್ತು.