ಉತ್ತರ ಸಿಕ್ಕ ಮೇಲೂ ಮುಗಿಯದ ಪ್ರಶ್ನೆಗಳು

ವಿಡಿಯೋ ಗೇಮ್‌ಗಳ ಬಗ್ಗೆ ಮಾತಾಡುವ ಇಂಗ್ಲಿಷ್ ಪಾಡ್‌ಕಾಸ್ಟ್‌ಗಳದು ಹೆಚ್ಚುಕಡಿಮೆ ಒಂದೇ ಜಾಯಮಾನ. ಮೊದಲು ವಾರದ ಸುದ್ದಿ, ಆಮೇಲೆ ಯಾರು ಯಾವ ಆಟ ಆಡುತ್ತಿದ್ದಾರೆಂಬ ಹರಟೆ, ಕೊನೆಗೆ ಕೇಳುಗರ ಪ್ರಶ್ನೆ. ಮೂವತ್ತು ಗಂಟೆ ಆಡಿದ ಮೇಲೆ ಬೇಸರ ಹುಟ್ಟಿಸಿದ ಆಟವನ್ನು ಮುಗಿಸಲೇಬೇಕೆ, ಆರು ವರ್ಷದ ಮಗಳ ಕೈಗೆ ಮೊದಲು ಯಾವ ಆಟ ಕೊಡಬೇಕು, ಬಾಲ್ಯದಲ್ಲಿ ಮೆಚ್ಚಿದ್ದು ಈಗ ಸಪ್ಪೆ ಎನಿಸಿದರೆ ಕೆಟ್ಟದ್ದು ಆಟವೋ ನಮ್ಮ ರುಚಿಯೋ, ಇಂಥವು. ಹೊತ್ತು ತುಂಬಿಸಲು ಸೇರಿಸಿದ ಸರಕು ಇದು ಎಂದು ಮೂಗು ಮುರಿಯುವವರಿದ್ದಾರೆ. ಚರಿತ್ರೆ ನೋಡಿದರೆ ವಿಷಯ ತಿರುಗುಮುರುಗು. ಇಡೀ ಕಾರ್ಯಕ್ರಮದಲ್ಲಿ ಎಲ್ಲಕ್ಕಿಂತ ಹಳೆಯದು ಈ ಕೊನೆಯ ಭಾಗವೇ. ಪಾಡ್‌ಕಾಸ್ಟ್‌ಗಿಂತ ಕಾಲು ಶತಮಾನ ಹಿಂದಿನದು. ಅದರ ಈಗಿನ ರೂಪಕ್ಕೆ ಕಾರಣ ಮೈಕೂ ಅಲ್ಲ, ಇಂಟರ್ನೆಟ್ಟಿನ ವೇಗವೂ ಅಲ್ಲ. ಒಂದು ಕಾಲಕ್ಕೆ ಬೆಲೆ ಬಾಳುತ್ತಿದ್ದ ಉತ್ತರಗಳು ಪುಕ್ಕಟೆಯಾದವು, ಅದರಿಂದ ಪ್ರಶ್ನೆಯ ಸ್ವಭಾವವೇ ಬದಲಾಯಿತು ಎಂಬುದು ನನ್ನ ವಾದ.

ಆಟಗಾರ ಬರೆದ ಪತ್ರಕ್ಕೆ ಈ ಲೋಕದಲ್ಲಿ ಎಷ್ಟು ತೂಕವಿತ್ತು ಎಂಬುದಕ್ಕೆ ಅಟಾರಿ ಕಂಪನಿಯ ಪ್ರಸಂಗವೊಂದು ಸಾಕ್ಷಿ. ಆಟ ಬರೆದವರ ಹೆಸರನ್ನು ಅಟಾರಿ ಎಲ್ಲೂ ಅಚ್ಚು ಹಾಕುತ್ತಿರಲಿಲ್ಲ. ಅದಕ್ಕೆ ಸೇಡೆಂಬಂತೆ ವಾರೆನ್ ರಾಬಿನೆಟ್ 'ಅಡ್ವೆಂಚರ್' ಆಟದೊಳಗೆ ಗುಟ್ಟಿನ ಕೋಣೆಯೊಂದನ್ನು ಕಟ್ಟಿ, ಅಲ್ಲಿ ತನ್ನ ಹೆಸರು ಬರೆದಿಟ್ಟು, ಯಾರಿಗೂ ಹೇಳದೆ ಕಂಪನಿ ಬಿಟ್ಟು ಹೋದ. ಹಿನ್ನೆಲೆಯ ಬಣ್ಣದಲ್ಲೇ ಕರಗಿಹೋಗುವ ಒಂದೇ ಒಂದು ಬೂದು ಚುಕ್ಕೆಯನ್ನು ಹೊತ್ತುಕೊಂಡು ಬಂದರೆ ಮಾತ್ರ ಆ ಕೋಣೆಗೆ ದಾರಿ. ಅದನ್ನು ಕಂಡುಹಿಡಿದವನು ಸಾಲ್ಟ್ ಲೇಕ್ ಸಿಟಿಯ ಹದಿನೈದರ ಹುಡುಗ. 1980ರಲ್ಲಿ ಅವನು ಬರೆದ ಕಾಗದದಿಂದಲೇ ಕಂಪನಿಗೂ ವಿಷಯ ತಿಳಿದದ್ದು. ತಯಾರಿಸಿದ ಕಂಪನಿಗೇ ಗೊತ್ತಿಲ್ಲದ್ದನ್ನು ಆಡುವವನು ತಿಳಿಸುವ ಈ ಸ್ಥಿತಿ ಸಿನಿಮಾಕ್ಕೋ ಕಾದಂಬರಿಗೋ ಸುಲಭವಾಗಿ ಒದಗುವುದಿಲ್ಲ. ಕಾದಂಬರಿಯ ನೂರನೆಯ ಪುಟ ಓದಲು ತೊಂಬತ್ತೊಂಬತ್ತನೆಯ ಪುಟದಲ್ಲಿ ಯಾರೂ ಪರೀಕ್ಷೆ ಒಡ್ಡುವುದಿಲ್ಲ. ಆಟವೋ, ಅಡಗಿಸಿಡುವುದನ್ನೇ ಕಸುಬು ಮಾಡಿಕೊಂಡದ್ದು. ಹಾಗಾಗಿ ಇಲ್ಲಿ ಪ್ರಶ್ನೆ ಕೇಳುವುದು ಆಟ ಮುಗಿದ ಮೇಲಿನ ಮಾತುಕತೆಯಲ್ಲ, ಆಡುವುದರದೇ ಒಂದು ಭಾಗ.

ಓದುಗರ ಪ್ರಶ್ನೆಗೆ ಉತ್ತರ ಬರೆಯದ ಪತ್ರಿಕೆ ಯಾವುದಿದೆ, ಗೇಮ್‌ನವರದೇನು ಹೆಚ್ಚುಗಾರಿಕೆ ಎಂದು ಯಾರಾದರೂ ಕೇಳಬಹುದು. 'ಸುಧಾ' ವಾರಪತ್ರಿಕೆಯಲ್ಲಿ ಬೀchiಯವರ ಉತ್ತರಗಳನ್ನು ಓದಿ ಬೆಳೆದ ಕನ್ನಡಿಗರು ಕೇಳಲೇಬೇಕಾದ ಮಾತು ಇದು. ವ್ಯತ್ಯಾಸ ಇರುವುದು ಪ್ರಶ್ನೆಯ ಹಿಂದಿನ ಅಗತ್ಯದಲ್ಲಿ. ಬೀchiಗೆ ಪ್ರಶ್ನೆ ಕಳಿಸಿದವರು ಚಾಟಿಯಂಥ ಉತ್ತರದ ಸುಖಕ್ಕಾಗಿ ಕಾಯುತ್ತಿದ್ದರು. ಉತ್ತರ ಬಾರದಿದ್ದರೆ ಯಾರ ಕೆಲಸವೂ ನಿಲ್ಲುತ್ತಿರಲಿಲ್ಲ. 1980ರ ದಶಕದ ಆರಂಭದಲ್ಲಿ ಕಂಪ್ಯೂಟರಿನಲ್ಲಿ 'ಜೋರ್ಕ್' ಆಡುತ್ತಿದ್ದವನಿಗೆ ಉತ್ತರ ಸಿಗದಿದ್ದರೆ ದುಡ್ಡು ಕೊಟ್ಟು ತಂದ ಆಟದ ಅರ್ಧಭಾಗ ಕಣ್ಣಿಗೇ ಬೀಳುತ್ತಿರಲಿಲ್ಲ. ಚಿತ್ರವೇ ಇಲ್ಲದ, ಬರೀ ಅಕ್ಷರದ ಆ ಆಟವನ್ನು ಮಾರುತ್ತಿದ್ದ ಇನ್ಫೋಕಾಮ್ ಕಂಪನಿಗೆ ಸುಳಿವು ಕೇಳಿ ಕಾಗದಗಳು ಬರತೊಡಗಿದವು. ಆಟವನ್ನು ಪರೀಕ್ಷಿಸಿದ್ದ ಮೈಕ್ ಡಾರ್ನ್‌ಬ್ರೂಕ್ ಹಣ ಪಡೆದು ಒಬ್ಬೊಬ್ಬರಿಗೂ ಉತ್ತರ ಬರೆಯಲು ಕೂತ. ಪ್ರಶ್ನೆಗಳು ಮತ್ತೆ ಮತ್ತೆ ಅವೇ ಬರುತ್ತಿದ್ದುದರಿಂದ 'ಇನ್‌ವಿಸಿಕ್ಲೂಸ್' ಎಂಬ ಕಿರುಪುಸ್ತಕಗಳು ಹುಟ್ಟಿದವು. ಅವುಗಳಲ್ಲಿ ಪ್ರಶ್ನೆ ಮಾತ್ರ ಕಣ್ಣಿಗೆ ಕಾಣುವ ಶಾಯಿಯಲ್ಲಿ; ಉತ್ತರ ಅದೃಶ್ಯ ಶಾಯಿಯಲ್ಲಿ. ಜೊತೆಗೆ ಕೊಟ್ಟ ಪೆನ್ನಿನಿಂದ ಉಜ್ಜಿದರೆ ಮೊದಲು ಸಣ್ಣ ಸುಳಿವು, ಮತ್ತೂ ಉಜ್ಜಿದರೆ ಸ್ವಲ್ಪ ಬಿಚ್ಚಿ ಹೇಳಿದ್ದು, ಕೊನೆಯಲ್ಲಿ ಪೂರ್ತಿ ಉತ್ತರ. ಪ್ರಶ್ನೆಗಳ ಪಟ್ಟಿ ಓದಿಯೇ ಮುಂದೇನಿದೆ ಎಂದು ಊಹಿಸುವ ಜಾಣರಿರುತ್ತಾರಲ್ಲ, ಅವರ ದಾರಿ ತಪ್ಪಿಸಲು ಆಟದಲ್ಲಿ ಇಲ್ಲವೇ ಇಲ್ಲದ ಸಂಗತಿಗಳ ಬಗ್ಗೆಯೂ ಪ್ರಶ್ನೆ ಸೇರಿಸಿದ್ದರು. ಪ್ರಶ್ನೆಯನ್ನು ಇಷ್ಟು ಜತನದಿಂದ ಹೆಣೆದ ಇನ್ನೊಂದು ಮನರಂಜನೆಯ ಉದ್ಯಮವನ್ನು ನಾನು ಕಾಣೆ.

ಇದೇ ಕೆಲಸವನ್ನು ಪತ್ರಿಕೆಯೊಳಗೆ ವರ್ಷಗಟ್ಟಲೆ ನಡೆಸಿದವಳು 'ಸ್ಕಾರ್ಪಿಯಾ' ಎಂಬ ಕಾವ್ಯನಾಮದ ಲೇಖಕಿ. 1981ರಲ್ಲಿ ಶುರುವಾದ 'ಕಂಪ್ಯೂಟರ್ ಗೇಮಿಂಗ್ ವರ್ಲ್ಡ್' ಪತ್ರಿಕೆಯಲ್ಲಿ ಆಕೆಯ ವಿಮರ್ಶೆಗಳ ಜೊತೆಗೆ ಓದುಗರ ಪತ್ರಗಳಿಗೇ ಮೀಸಲಾದ ಅಂಕಣವೂ ಇತ್ತು. ಸ್ವಂತ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ ಇಟ್ಟು ಕಳಿಸಿದರೆ ಅಮೆರಿಕದ ಓದುಗರಿಗೆ ಆಕೆ ನೇರ ಉತ್ತರ ಬರೆಯುತ್ತಿದ್ದಳು. ಅದೇ ವರ್ಷ ಶುರುವಾದ 'ಎಲೆಕ್ಟ್ರಾನಿಕ್ ಗೇಮ್ಸ್' ಪತ್ರಿಕೆಯನ್ನು ಕಟ್ಟಿದ ಆರ್ನಿ ಕಾಟ್ಜ್, ಬಿಲ್ ಕಂಕೆಲ್, ಜಾಯ್ಸ್ ವರ್ಲಿ ಮೂವರೂ ವೈಜ್ಞಾನಿಕ ಕಥೆಗಳ ಅಭಿಮಾನಿ ಬಳಗದಿಂದ ಬಂದವರು. ಆ ಬಳಗ ಬೆಳೆದದ್ದೇ ಪತ್ರಗಳಿಂದ. 1926ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಆರಂಭಿಸಿದ 'ಅಮೇಜಿಂಗ್ ಸ್ಟೋರೀಸ್' ಪತ್ರ ಬರೆದವರ ಪೂರ್ತಿ ವಿಳಾಸ ಅಚ್ಚು ಹಾಕುತ್ತಿತ್ತು. ಓದುಗರು ಸಂಪಾದಕರನ್ನು ಬದಿಗಿಟ್ಟು ತಮ್ಮತಮ್ಮಲ್ಲೇ ಬರೆದುಕೊಳ್ಳತೊಡಗಿದರು, ಕೈಪತ್ರಿಕೆ ಹೊರಡಿಸಿದರು. ಹೀಗೆ ಗೇಮ್ ಪತ್ರಿಕೋದ್ಯಮಕ್ಕೆ ಹುಟ್ಟುವಾಗಲೇ ಎರಡು ಎಳೆಗಳು ಕೂಡಿಬಂದವು: ಸುಳಿವು ಕೇಳುವವರದೊಂದು, ಹರಟುವವರದೊಂದು. ಮೊದಲ ಹದಿನೈದು ವರ್ಷ ಮೇಲುಗೈ ಸುಳಿವಿನದೇ.

ಅದರ ಶಿಖರ ನಿಂಟೆಂಡೋ. 1988ರ ಬೇಸಿಗೆಯಲ್ಲಿ ಶುರುವಾದ 'ನಿಂಟೆಂಡೋ ಪವರ್' ಪತ್ರಿಕೆಯ ಬೆನ್ನಿಗೆ ವಾಷಿಂಗ್ಟನ್ ರಾಜ್ಯದ ರೆಡ್ಮಂಡ್ ಊರಿನಲ್ಲಿ ಸಾಲಾಗಿ ಕೂತ ಸಲಹೆಗಾರರ ಪಡೆಯಿತ್ತು. ಮಕ್ಕಳು ದೂರವಾಣಿ ಮಾಡಿ 'ಜೆಲ್ಡಾ'ದ ಯಾವ ಪೊದೆಯ ಕೆಳಗೆ ಬಾಗಿಲಿದೆ ಎಂದು ಕೇಳುತ್ತಿದ್ದರು. ಪತ್ರಿಕೆಯ ಓದುಗರ ಪುಟದಲ್ಲಿ ಲಕೋಟೆಯ ಮೇಲೆ ಮಕ್ಕಳು ಬಿಡಿಸಿ ಕಳಿಸಿದ ಚಿತ್ರಗಳಿಗೂ ಜಾಗವಿತ್ತು. ಬ್ರಿಟನ್ನಿನಲ್ಲಿ 1992ರಿಂದ ಚಾನೆಲ್ 4 ಪ್ರಸಾರ ಮಾಡಿದ 'ಗೇಮ್ಸ್‌ಮಾಸ್ಟರ್' ಕಾರ್ಯಕ್ರಮದಲ್ಲಿ ಖಗೋಳಶಾಸ್ತ್ರದ ಹೆಸರಾಂತ ನಿರೂಪಕ ಪ್ಯಾಟ್ರಿಕ್ ಮೂರ್ ಗಾಳಿಯಲ್ಲಿ ತೇಲುವ ತಲೆಯಾಗಿ ಬಂದು, ಎದುರು ನಿಂತ ಹುಡುಗರ ಪ್ರಶ್ನೆಗೆ ದೈವವಾಣಿಯ ಗತ್ತಿನಲ್ಲಿ ಚೀಟ್ ಕೋಡ್ ಹೇಳುತ್ತಿದ್ದರು. ನಗು ಬರುವಂಥದ್ದೇ, ಆದರೆ ಅಂದಿನ ಸಂಬಂಧದ ನಿಜವಾದ ಚಿತ್ರ ಅದು. ಬಲ್ಲವನು ಮೇಲೆ, ಕೇಳುವವನು ಕೆಳಗೆ. ಪ್ರಶ್ನೆಗೆ ಇರುವುದು ಒಂದೇ ಸರಿ ಉತ್ತರ, ಅದರ ಬೀಗದ ಕೈ ಕಂಪನಿಯದೋ ಪತ್ರಿಕೆಯದೋ ಕೈಯಲ್ಲಿ.

ಆ ಕಾಲದ ಓದುಗರ ಪುಟಗಳನ್ನು ಸಾಕ್ಷ್ಯವೆಂದು ನಂಬುವುದು ಹೇಗೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಬ್ರಿಟನ್ನಿನ ಲಡ್ಲೋ ಊರಿನಿಂದ 1984ರಲ್ಲಿ ಹೊರಟ 'ಕ್ರ್ಯಾಷ್' ಪತ್ರಿಕೆಯಲ್ಲಿ ಓದುಗರಿಗೆ ಉತ್ತರ ಬರೆಯುತ್ತಿದ್ದ ಲಾಯ್ಡ್ ಮ್ಯಾಂಗ್ರಮ್ ಎಂಬ ಮನುಷ್ಯ ಇರಲೇ ಇಲ್ಲ. ಸಂಪಾದಕೀಯ ಬಳಗ ಹುಟ್ಟಿಸಿದ ಹೆಸರದು. ಅಮೆರಿಕದ 'ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ' ಇನ್ನೂ ಮುಂದೆ ಹೋಯಿತು. 'ಸ್ಟ್ರೀಟ್ ಫೈಟರ್ 2' ಆಟದಲ್ಲಿ ಗೆದ್ದ ರ್ಯು ಆಡುವ ಮಾತೊಂದರಲ್ಲಿ ಶೆಂಗ್ ಲಾಂಗ್ ಎಂಬ ಹೆಸರು ನುಸುಳಿತ್ತು. ಅದು ಅನುವಾದದ ಎಡವಟ್ಟು. ಆಟದಲ್ಲಿ ಅಂಥ ಪಾತ್ರವೇ ಇಲ್ಲ. ಯಾರು ಈ ಶೆಂಗ್ ಲಾಂಗ್ ಎಂಬ ಕುತೂಹಲ ಆಟಗಾರರಲ್ಲಿ ಹಬ್ಬಿದಾಗ, 1992ರ ಏಪ್ರಿಲ್ ಸಂಚಿಕೆಯಲ್ಲಿ ಪತ್ರಿಕೆ ಅವನನ್ನು ಎದುರಿಸುವ ವಿಧಾನವನ್ನು ಚಿತ್ರಸಮೇತ ಅಚ್ಚು ಹಾಕಿ, ಕಳಿಸಿದವನು ಫುಲ್ಡಿಜೆನ್ ಊರಿನ ಓದುಗ ಎಂದಿತು. ಊರೂ ಸುಳ್ಳು, ಓದುಗನೂ ಸುಳ್ಳು, ಏಪ್ರಿಲ್ ಫೂಲ್. ಬೇರೆ ಪತ್ರಿಕೆಗಳು ಅದನ್ನು ನಿಜವೆಂದೇ ಎತ್ತಿಕೊಂಡವು. ಇದನ್ನೆಲ್ಲ ಒಪ್ಪಿಕೊಂಡೂ ಹೇಳಬಹುದಾದದ್ದಿದೆ. ಜನ ಇಂಥ ಪ್ರಶ್ನೆ ಕೇಳುತ್ತಿದ್ದರು, ಉತ್ತರಕ್ಕೆ ಹಸಿದಿದ್ದರು ಎಂಬ ಕಾರಣಕ್ಕೇ ಆ ಸುಳ್ಳು ಬಾಳಿತು. ಯಾರೂ ಕೇಳದ ವಿಷಯದ ಬಗ್ಗೆ ಹುಸಿ ಉತ್ತರ ಕಟ್ಟಿ ಯಾರನ್ನು ಮೋಸಗೊಳಿಸುವುದು? ಪತ್ರ ನಕಲಿಯಾಗಿರಬಹುದು, ಕೇಳುವ ಪದ್ಧತಿ ನಕಲಿಯಲ್ಲ.

ನಮ್ಮ ಕಡೆ ಈ ಚರಿತ್ರೆಯ ಅಚ್ಚಿನ ಭಾಗ ತಲುಪಲೇ ಇಲ್ಲವೆನ್ನಬೇಕು. 1990ರ ದಶಕದಲ್ಲಿ ಕರ್ನಾಟಕದ ಪೇಟೆಗಳಿಗೆ ಬಂದ ನಕಲಿ ವಿಡಿಯೋ ಗೇಮ್ ಕ್ಯಾಸೆಟ್ಟುಗಳ ಜೊತೆ ಕೈಪಿಡಿಯೂ ಇರಲಿಲ್ಲ, ಪತ್ರಿಕೆಯೂ ಇರಲಿಲ್ಲ. 'ಕಾಂಟ್ರಾ'ದಲ್ಲಿ ಮೂವತ್ತು ಜೀವ ಕೊಡುವ ಗುಂಡಿಗಳ ಕ್ರಮ ಬಾಯಿಂದ ಬಾಯಿಗೆ ದಾಟಿ ಬಂತು.

ಪತ್ರಿಕೆಗಳ ಆ ಲೋಕಕ್ಕೆ ತಿರುವು ಬಂದದ್ದು 1995ರಲ್ಲಿ. ಆ ವರ್ಷ ಜೆಫ್ ವೀಸಿ ಆರಂಭಿಸಿದ 'ಗೇಮ್‌ಫ್ಯಾಕ್ಸ್' ತಾಣದಲ್ಲಿ ಆಟಗಾರರೇ ಬರೆದ ಮಾರ್ಗದರ್ಶಿಗಳು ಸಾಲುಗಟ್ಟಿದವು. ಡಾರ್ನ್‌ಬ್ರೂಕ್ ದುಡ್ಡಿಗೆ ಕೊಡುತ್ತಿದ್ದುದು, ಸ್ಕಾರ್ಪಿಯಾ ಲಕೋಟೆಗೆ ಹಾಕಿ ಕಳಿಸುತ್ತಿದ್ದುದು, ಮೂರ್ ತೇಲುವ ತಲೆಯಿಂದ ಉಸುರುತ್ತಿದ್ದುದು ಎಲ್ಲ ಒಂದೇ ಕಡೆ ಪುಕ್ಕಟೆಯಾಗಿ ಸಿಗತೊಡಗಿತು. ಪ್ರಶ್ನೆಯೆಂದರೆ ಮಾಹಿತಿ ಬೇಡುವುದು ಎಂದಷ್ಟೇ ತಿಳಿದವರ ಲೆಕ್ಕದಲ್ಲಿ ಇಲ್ಲಿಗೆ ಈ ಪದ್ಧತಿ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬಾಗಿಲು ಎಲ್ಲಿದೆ ಎಂಬುದು ಗೊತ್ತಾಗಿಬಿಟ್ಟ ಮೇಲೆ, ಆ ಬಾಗಿಲನ್ನು ಅಲ್ಲಿಟ್ಟದ್ದು ಸರಿಯೇ ಎಂದು ಕೇಳುವ ಬಿಡುವು ಸಿಕ್ಕಿತು. ವೈಜ್ಞಾನಿಕ ಕಥೆಗಳ ಬಳಗದಿಂದ ಬಂದಿದ್ದ ಹರಟೆಯ ಎಳೆ ಈಗ ಮುಂದಕ್ಕೆ ಬಂತು.

ಅದಕ್ಕೆ ದನಿ ಕೊಟ್ಟವರು ಹೊರಗಿನವರಲ್ಲ, ಅವವೇ ಪತ್ರಿಕೆಗಳ ಸಿಬ್ಬಂದಿ. 2005ರಲ್ಲಿ ಆಪಲ್ ತನ್ನ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಸೇರಿಸಿದ ವರ್ಷವೇ, 'ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ'ಯ ಒಡೆತನದ ಸಂಸ್ಥೆಯದೇ ಆದ '1ಅಪ್' ತಾಣದಿಂದ '1ಅಪ್ ಯುವರ್ಸ್' ಹೊರಟಿತು. ಸ್ಕಾರ್ಪಿಯಾ ಬರೆದಿದ್ದ 'ಕಂಪ್ಯೂಟರ್ ಗೇಮಿಂಗ್ ವರ್ಲ್ಡ್' 2006ರಲ್ಲಿ 'ಗೇಮ್ಸ್ ಫಾರ್ ವಿಂಡೋಸ್' ಎಂದು ಹೆಸರು ಬದಲಿಸಿಕೊಂಡು 2008ರಲ್ಲಿ ಅಚ್ಚು ನಿಲ್ಲಿಸಿತು. ಆದರೆ ಸಂಪಾದಕ ಜೆಫ್ ಗ್ರೀನ್, ಶಾನ್ ಎಲಿಯಟ್ ಮೊದಲಾದವರ ಹರಟೆಯ ಪಾಡ್‌ಕಾಸ್ಟ್ ಪತ್ರಿಕೆಗಿಂತ ಹೆಚ್ಚು ನೆನಪಿನಲ್ಲಿ ಉಳಿಯಿತು. 2007ರ ಕೊನೆಯಲ್ಲಿ, ಆಟವೊಂದಕ್ಕೆ ಕಡಿಮೆ ಅಂಕ ಕೊಟ್ಟ ಬಳಿಕ ಗೇಮ್‌ಸ್ಪಾಟ್ ತಾಣದಿಂದ ಜೆಫ್ ಗರ್ಸ್ಟ್‌ಮನ್ ಹೊರಬೀಳಬೇಕಾಯಿತು. ಜಾಹೀರಾತುದಾರರ ಒತ್ತಡದ ಮಾತು ಆಗಲೇ ಹಬ್ಬಿತ್ತು. ಗರ್ಸ್ಟ್‌ಮನ್ ಮತ್ತು ರಯಾನ್ ಡೇವಿಸ್ 2008ರಲ್ಲಿ 'ಜೈಂಟ್ ಬಾಂಬ್' ಕಟ್ಟಿದಾಗ ಅದರ ಮುಖ್ಯ ಬಂಡವಾಳ ವಾರದ ಪಾಡ್‌ಕಾಸ್ಟ್, ಪಾಡ್‌ಕಾಸ್ಟ್‌ನ ಕೊನೆಗೆ ಕೇಳುಗರ ಇಮೇಲ್. ಹತ್ತಕ್ಕೆ ಏಳು, ಹತ್ತಕ್ಕೆ ಎಂಟು ಎಂಬ ಅಂಕಗಳ ಮೇಲಿನ ನಂಬಿಕೆ ಅಲುಗಾಡಿದ ಹೊತ್ತಿನಲ್ಲಿ ಕೇಳುಗರಿಗೆ ಬೇಕಾದದ್ದು ಅಂಕದ ಹಿಂದಿನ ಮನುಷ್ಯ. ಅವನ ರುಚಿ ಏನು, ಹಟ ಏನು, ಎಲ್ಲಿ ನಗುತ್ತಾನೆ ಎಂಬುದನ್ನು ಹೊರಗೆಳೆಯಲು ವಿಮರ್ಶೆಗಿಂತ ಒಂದು ವಿಚಿತ್ರ ಪ್ರಶ್ನೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಇದಕ್ಕೆಲ್ಲ ಧ್ವನಿಮಾಧ್ಯಮವೇ ಕಾರಣ, ಕಿವಿಯಲ್ಲಿ ಮಾತಾಡುವವರು ಸ್ನೇಹಿತರೆನಿಸುತ್ತಾರೆ, ಉತ್ತರ ಪುಕ್ಕಟೆಯಾದದ್ದಕ್ಕೂ ಇದಕ್ಕೂ ನಂಟಿಲ್ಲ ಎನ್ನುವವರಿದ್ದಾರೆ. ಧ್ವನಿಯ ಆಪ್ತತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಂಟೆಂಡೋದ ಸಲಹೆಗಾರರೂ ಧ್ವನಿಯಲ್ಲೇ ಮಾತಾಡುತ್ತಿದ್ದರು, ಅದೂ ಒಬ್ಬರಿಗೊಬ್ಬರು ನೇರವಾಗಿ. ಅಲ್ಲಿ ಬಂದ ಕರೆಗಳು ಪೊದೆ, ಬಾಗಿಲು, ರಾಕ್ಷಸರ ಸುತ್ತಲೇ ತಿರುಗಿದವು. ಧ್ವನಿ ಅಂದೂ ಇತ್ತು, ಇಂದೂ ಇದೆ. ನಡುವೆ ಬದಲಾದದ್ದು ಸುಳಿವಿನ ಬೆಲೆ. ಹಾಗೆಯೇ, ಟ್ವಿಚ್, ಡಿಸ್ಕಾರ್ಡ್‌ಗಳಲ್ಲಿ ಆ ಕ್ಷಣಕ್ಕೇ ಕೇಳಬಹುದಾದ ಮೇಲೆ ಪತ್ರ ಯಾಕೆ ಎನ್ನುವವರಿಗೂ ಚರಿತ್ರೆಯೇ ಉತ್ತರ ಕೊಡುತ್ತದೆ. ಒಂದು ವಾರ ಕಾಯಬೇಕೆಂದು ಗೊತ್ತಿರುವವನು ಪ್ರಶ್ನೆಯನ್ನು ತಿದ್ದಿ ಬರೆಯುತ್ತಾನೆ, ತನ್ನ ಸಂದರ್ಭ ವಿವರಿಸುತ್ತಾನೆ. 2006ರಿಂದ ನಡೆದುಬಂದ 'ರೆಟ್ರೋನಾಟ್ಸ್' ಪಾಡ್‌ಕಾಸ್ಟ್ ಹಳೆಯ ಆಟಗಳ ಬಗ್ಗೆ ಕೇಳುಗರು ಬರೆದ ನೆನಪುಗಳನ್ನು ಚರ್ಚೆಯ ಸಾಮಗ್ರಿಯಾಗಿಯೇ ಬಳಸಿತು. ಹರಿದೋಡುವ ಚಾಟ್‌ನ ಸಾಲುಗಳಿಂದ ಅಂಥದ್ದು ಹುಟ್ಟುವುದು ಕಷ್ಟ.

ಪ್ರಶ್ನೆಗಳನ್ನು ಆರಿಸುವವರು ನಿರೂಪಕರೇ ಎಂಬುದು ಮಾತ್ರ ನಿಜವಾದ ಕೊರತೆ. ಓದಿದ ಹತ್ತರ ಹಿಂದೆ ಓದದೆ ಉಳಿದವೆಷ್ಟೋ. 2013ರಲ್ಲಿ ಬಂದ ಪೇಟ್ರಿಯಾನ್ ಮೂಲಕ ತಿಂಗಳಿಗೆ ಇಷ್ಟು ಕೊಟ್ಟವರ ಪ್ರಶ್ನೆಗೆ ಮೊದಲ ಮಣೆ ಎಂಬ ಏರ್ಪಾಡು ಅನೇಕ ಕಡೆ ಬೇರೂರಿದೆ. ಡಾರ್ನ್‌ಬ್ರೂಕ್‌ನ ಕಾಲದಲ್ಲಿ ದುಡ್ಡು ಉತ್ತರಕ್ಕಿತ್ತು. ಈಗ ಅದು ಕೇಳುವ ಹಕ್ಕಿಗೇ ಹತ್ತಿದೆ. ನನಗಿದು ಹಿಡಿಸುವುದಿಲ್ಲ, ಆದರೆ ಜಾಹೀರಾತುದಾರರ ಮರ್ಜಿಗಿಂತ ಮೇಲು. ಆದರೂ ಮಾತು ಪೂರ್ತಿ ನಿರೂಪಕರ ಹಿಡಿತದಲ್ಲೇ ಉಳಿದಿಲ್ಲ. 'ಕೈಂಡಾ ಫನ್ನಿ' ಬಳಗದ ದೈನಂದಿನ ಸುದ್ದಿ ಕಾರ್ಯಕ್ರಮದಲ್ಲಿ ನಿರೂಪಕರ ತಪ್ಪು ತೋರಿಸಲೆಂದೇ ಕೇಳುಗರಿಗೆ ಒಂದು ಭಾಗ ಬಿಟ್ಟುಕೊಟ್ಟರು. ತೇಲುವ ತಲೆ ನೆಲಕ್ಕಿಳಿದದ್ದು ಅಲ್ಲಿ.

ಉಳಿವಿನ ವಿಷಯದಲ್ಲಿ ಪಾಡ್‌ಕಾಸ್ಟ್ ಪತ್ರಿಕೆಗಿಂತ ಬಡವ. 'ನಿಂಟೆಂಡೋ ಪವರ್' 2012ರ ಡಿಸೆಂಬರಿನಲ್ಲಿ ನಿಂತಿತು. 2017ರಲ್ಲಿ ಅದೇ ಹೆಸರು ಪಾಡ್‌ಕಾಸ್ಟ್ ಆಗಿ ಮರಳಿತು, ನಿರೂಪಕ ಪತ್ರಿಕೆಯ ಕೊನೆಯ ಸಂಪಾದಕ ಕ್ರಿಸ್ ಸ್ಲೇಟ್. ಪತ್ರಿಕೆಯ ಹಳೆಯ ಸಂಚಿಕೆಗಳ ಓದುಗರ ಪುಟ ಇಂದೂ ತಿರುವಿ ನೋಡಬಹುದು. 2013ರಲ್ಲಿ '1ಅಪ್' ತಾಣಕ್ಕೆ ಬೀಗ ಬಿದ್ದಾಗ ಅಲ್ಲಿನ ನೂರಾರು ಗಂಟೆಗಳ ಮಾತಿಗೆ ಅಂಥ ಆಸರೆ ಇರಲಿಲ್ಲ. ಇಂಟರ್ನೆಟ್ ಆರ್ಕೈವ್‌ನಲ್ಲಿ ಇಂದು ಸಿಗುವ '1ಅಪ್ ಯುವರ್ಸ್' ಕಂತುಗಳು ಕೇಳುಗರು ತಮ್ಮ ಕಂಪ್ಯೂಟರುಗಳಲ್ಲಿ ಉಳಿಸಿಕೊಂಡು ಅಲ್ಲಿಗೆ ಏರಿಸಿದಂಥವು.