ಅಯಾನೀಕರಣ

ಪರಮಾಣು ಅಥವಾ ಅಣು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಇಲ್ಲವೇ ಪಡೆದುಕೊಂಡು ವಿದ್ಯುದಾವೇಶ ತಳೆಯುವ ಕ್ರಿಯೆ. ಹಾಗೆ ಆವೇಶ ತಳೆದ ಕಣವೇ ಅಯಾನು: ಎಲೆಕ್ಟ್ರಾನ್ ಹೋದರೆ ಧನ ಅಯಾನು, ಬಂದು ಸೇರಿದರೆ ಋಣ ಅಯಾನು.

ಮೂಲಪದ ಹುಟ್ಟಿದ್ದು 1834ರಲ್ಲಿ, ಎಲೆಕ್ಟ್ರಾನಿನ ಸುಳಿವೇ ಇಲ್ಲದ ಕಾಲದಲ್ಲಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆ ಗಾಜಿನ ನಳಿಗೆಯಲ್ಲಿ ತವರದ ಕ್ಲೋರೈಡನ್ನು ದೀಪದ ಕಾವಿಗೆ ಕರಗಿಸಿ, ಪ್ಲಾಟಿನಂ ತಂತಿಗಳಿಂದ ವಿದ್ಯುತ್ ಹಾಯಿಸುತ್ತಿದ್ದರು. ತವರ ಒಂದು ತಂತಿಗೆ ಹತ್ತುತ್ತಿತ್ತು, ಕ್ಲೋರಿನ್ ಇನ್ನೊಂದರತ್ತ ಸಾಗುತ್ತಿತ್ತು. ಹೀಗೆ ಸಾಗುವುದಕ್ಕೆ ಹೆಸರು ಬೇಕಾಯಿತು. ರಟ್ಟು ಕಟ್ಟುವವರ ಅಂಗಡಿಯಲ್ಲಿ ಕೆಲಸ ಕಲಿತು ಬೆಳೆದ ಫ್ಯಾರಡೆ, ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್‌ಗೆ ಪತ್ರ ಬರೆದರು. ಭೂಮಿಯ ಕಾಂತತ್ವಕ್ಕೆ ಪೂರ್ವದಿಂದ ಪಶ್ಚಿಮಕ್ಕೆ ಸುತ್ತುವ ವಿದ್ಯುತ್ತೇ ಕಾರಣವೆಂದು ಕಲ್ಪಿಸಿಕೊಂಡು, ಒಂದು ತುದಿಯನ್ನು ಸೂರ್ಯ ಮೂಡುವ ಕಡೆ, ಇನ್ನೊಂದನ್ನು ಮುಳುಗುವ ಕಡೆ ಎಂದು ಅವರು ಗುರುತಿಸಿದ್ದರು. ಅದಕ್ಕೆ ಹೊಂದುವಂತೆ ಹ್ಯೂವೆಲ್ ಗ್ರೀಕಿನಿಂದ ‘ಮೇಲೇರುವ ದಾರಿ’ ಎಂಬರ್ಥದ ಆನೋಡ್, ‘ಕೆಳಗಿಳಿಯುವ ದಾರಿ’ ಎಂಬರ್ಥದ ಕ್ಯಾಥೋಡ್ ಪದಗಳನ್ನು ಕೊಟ್ಟರು. ಸಾಗುವ ಕಣಗಳಿಗೆ ‘ಹೋಗುವುದು’ ಎಂಬರ್ಥದ ‘ಅಯಾನ್’. ಈ ಗ್ರೀಕ್ ಕ್ರಿಯಾಪದವೂ ಉತ್ತರಾಯಣ, ದಕ್ಷಿಣಾಯನಗಳಲ್ಲಿರುವ ‘ಅಯನ’ದ ಸಂಸ್ಕೃತ ಧಾತುವೂ ಒಂದೇ ಬೇರಿನವು. ಕನ್ನಡದ ಕಿವಿಗೆ ‘ಅಯಾನು’ ಪರಕೀಯವೆನಿಸದಿರುವುದು ಸಹಜವೇ.

ಹೆಸರು ಸರಿಯಾಗಿತ್ತು, ತಿಳಿವಳಿಕೆ ಇನ್ನೂ ಮಾಗಬೇಕಿತ್ತು. ವಿದ್ಯುತ್ ಹರಿದಾಗಲೇ ವಸ್ತು ಒಡೆದು ಅಯಾನುಗಳಾಗುತ್ತದೆಂದು ಫ್ಯಾರಡೆ ನಂಬಿದ್ದರು. ಲೋಟದ ನೀರಿಗೆ ಚಿಟಿಕೆ ಉಪ್ಪು ಹಾಕಿದರೆ ಸಾಕು, ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ತಾವಾಗಿ ಬೇರೆಯಾಗುತ್ತವೆ, ವಿದ್ಯುತ್ ಬೇಕಿಲ್ಲ ಎಂಬ ಮಾತು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್‌ರಿಂದ ಬಂತು. ಅದಕ್ಕೆ ಬುನಾದಿಯಾದ ಅವರ 1884ರ ಪ್ರಬಂಧಕ್ಕೆ ಉಪ್ಸಾಲಾ ವಿಶ್ವವಿದ್ಯಾಲಯ ಕೆಳದರ್ಜೆ ಕೊಟ್ಟಿತು. 1903ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಅವರನ್ನೇ ಹುಡುಕಿಕೊಂಡು ಬಂತು.

1897ರಲ್ಲಿ ಜೆ. ಜೆ. ಥಾಮ್ಸನ್‌ರ ಪ್ರಯೋಗಗಳು ಎಲೆಕ್ಟ್ರಾನನ್ನು ತೋರಿಸಿಕೊಟ್ಟ ಮೇಲೆ ಪದಕ್ಕೆ ಇಂದಿನ ಅರ್ಥ ಕೂಡಿಬಂತು. ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಶಕ್ತಿ ವ್ಯಯವಾಗುತ್ತದೆ: ಹೈಡ್ರೋಜನ್ನಿಗೆ 13.6 ಎಲೆಕ್ಟ್ರಾನ್ ವೋಲ್ಟ್, ಸೋಡಿಯಂಗೆ 5.1 ಮಾತ್ರ. ಕಾವು, ಎಕ್ಸ್‌ರೇ, ವಿಕಿರಣ, ಮಿಂಚು ಇವೆಲ್ಲ ಆ ಶಕ್ತಿಯನ್ನು ಒದಗಿಸಬಲ್ಲವು.

ಈ ಚರಿತ್ರೆಯಲ್ಲಿ ಮೇಘನಾದ ಸಹಾ ಅವರ ಹೆಸರು ದೊಡ್ಡದು. ಕಾವು ಹೆಚ್ಚಿದಂತೆ, ಒತ್ತಡ ತಗ್ಗಿದಂತೆ ಅನಿಲದ ಎಷ್ಟು ಪಾಲು ಪರಮಾಣುಗಳು ಅಯಾನುಗಳಾಗುತ್ತವೆಂದು ಲೆಕ್ಕ ಹಾಕುವ ಸಮೀಕರಣವನ್ನು ಅವರು 1920ರಲ್ಲಿ ಪ್ರಕಟಿಸಿದರು. ಸೂರ್ಯನ ಹೊರವಲಯದಲ್ಲಿ ಅಷ್ಟು ಎತ್ತರದವರೆಗೂ ಅಯಾನೀಕೃತ ಕ್ಯಾಲ್ಸಿಯಂನ ರೇಖೆಗಳು ಏಕೆ ಕಾಣುತ್ತವೆಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಕ್ಕಿತು. ನಕ್ಷತ್ರದ ಬೆಳಕನ್ನು ನೋಡಿ ಅದರ ಕಾವನ್ನು ಅಳೆಯಲು ಖಗೋಳಜ್ಞರು ಇಂದಿಗೂ ಸಹಾ ಸಮೀಕರಣವನ್ನು ಬಳಸುತ್ತಾರೆ.